ಹಗೇದ ತಿರಕಪ್ಪನ ಹೊಸ್ತಿಲು

ಬೆಟಗೇರಿಯ ಹಗೇದ ಮನೆತನಕ್ಕೆ ಮೂಲಪುರುಷ ಹನಮಪ್ಪ. ಮುಂಡರಗಿ ಕಡೆಯಿಂದ ಒಂದು ಗುದ್ದಲಿ, ಒಂದು ಸಲಿಕೆ, ಬಸುರಿ ಹೆಂಡತಿ, ಇಷ್ಟನ್ನೇ ಕಟ್ಟಿಕೊಂಡು ಬಂದವನು. ಗದಗಕ್ಕೂ ಬೆಟಗೇರಿಗೂ ನಡುವೆ ಆಗ ಬರೀ ಗರಸು, ಗಟ್ಟಿ ಜಲ್ಲಿಮಣ್ಣಿನ ದಿಣ್ಣೆ. ಅಲ್ಲಿ ಒಂದು ಬನ್ನಿ ಗಿಡ. ಆ ಗಿಡದ ಸುತ್ತ ಹನಮಪ್ಪ ಹನ್ನೊಂದು ವರ್ಷದಲ್ಲಿ ನಲವತ್ತೆರಡು ಹಗೇವು ತೋಡಿದ. ಹಗೇವು ಎಂದರೆ ನೆಲದೊಳಗಿನ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಮಾತ್ರ ಒಂದು ಸಂಸಾರ ಉಂಡು ಮಲಗುವಷ್ಟು. ಒಳಗೆ ಜೋಳದ ಒಣದಂಟಿನ ಕಣಿಕೆ ಹಾಸಿ, ಕಾಳು ಸುರುವಿ, ಬಾಯಿಗೆ ಹಾಸುಗಲ್ಲು ಮುಚ್ಚಿ, ಅದರ ಮೇಲೆ ಎದೆಯುದ್ದ ಮಣ್ಣು ಎಳೆದರೆ ಆಯಿತು. ಮೇಲೆ ದನ ಮೇಯುತ್ತಿದ್ದವು. ಕೆಳಗೆ ಇಡೀ ಪೇಟೆಯ ಜೋಳ ನಿದ್ದೆ ಮಾಡುತ್ತಿತ್ತು.

ಹನಮಪ್ಪನ ಮಗ ಅಂದಾನಪ್ಪ. ಡೋಗಿ ಬರ ಎಂಬ ಆ ದೊಡ್ಡ ಕ್ಷಾಮದಲ್ಲಿ ಕಳ್ಳರ ದಂಡು ಬಂದು ಅವನನ್ನು ಅದೇ ಬನ್ನಿ ಗಿಡಕ್ಕೆ ಕಟ್ಟಿ, ಹಗೇವು ಎಲ್ಲಿವೆ ಹೇಳು ಎಂದು ಎರಡು ದಿನ ಬಾರುಕೋಲಿನಿಂದ ಬಡಿದರು. ಅಂದಾನಪ್ಪ ತುಟಿ ಬಿಚ್ಚಲಿಲ್ಲ. ಅವನು ಬಿಚ್ಚದ ತುಟಿಯಿಂದಾಗಿ ನೇಕಾರರ ಎರಡು ಓಣಿ ಆ ವರ್ಷ ಅಂಬಲಿ ಕುಡಿದು ಬದುಕಿದವು. ಅಂದಾನಪ್ಪನ ಮಗ ಫಕ್ಕೀರಪ್ಪ. ಒಮ್ಮೆ ಹಗೇವು ತೆಗೆದಾಗ ಅವಸರ ಮಾಡಿ ಇಳಿದ ಇಬ್ಬರು ಕೂಲಿಯವರು ಒಳಗಿನ ಕೆಟ್ಟ ಗಾಳಿಗೆ ಬಿದ್ದುಬಿಟ್ಟರು. ಫಕ್ಕೀರಪ್ಪ ಮುಖಕ್ಕೆ ಒದ್ದೆ ಧೋತರ ಸುತ್ತಿ ಎರಡು ಸಲ ಇಳಿದು ಇಬ್ಬರನ್ನೂ ಹೊತ್ತು ತಂದ. ಮುಂದೆ ಸಾಯುವತನಕ ಕೆಮ್ಮಿದ. ಇಂಥವರ ಹೊಟ್ಟೆಯಲ್ಲಿ ಹುಟ್ಟಿದವನು ತಿರಕಪ್ಪ.

ಇಷ್ಟು ಹಗೇವು ಕಾದ ಮನೆತನಕ್ಕೆ ಮೇಲೆ ತನ್ನದೆನ್ನುವ ಒಂದು ಅಂಕಣ ಜಾಗ ಇರಲಿಲ್ಲ. ಬಯಲೆಲ್ಲ ಸಾವುಕಾರ ದೇವೇಂದ್ರಪ್ಪನದು. ಬನ್ನಿ ಗಿಡದ ಬುಡದಲ್ಲಿ ಗುಡಿಸಲು ಹಾಕಿಕೊಂಡಿರುವ ವಹಿವಾಟು, ಹಗೇವು ತೆಗೆದಾಗೊಮ್ಮೆ ಒಂದು ಮೊರ ಜೋಳ. ಇಷ್ಟೇ ಹಗೇದವರ ಆಸ್ತಿ.

ತಿರಕಪ್ಪನಿಗೆ ಹಗೇವಿನ ಲೆಕ್ಕ ಕಾಲಲ್ಲಿತ್ತು. ಹತ್ತು ವರ್ಷದವನಿದ್ದಾಗ ಅಪ್ಪ ಅವನ ಕೈಹಿಡಿದು ಬಯಲ ತುಂಬ ನಡೆಸಿದ್ದ. ಬನ್ನಿ ಗಿಡಕ್ಕೆ ಬೆನ್ನು ಕೊಟ್ಟು ಮೂಡಣಕ್ಕೆ ಹದಿನೆಂಟು ಹೆಜ್ಜೆ, ಅಲ್ಲಿಂದ ಬಲಕ್ಕೆ ಏಳು, ಅದು ಜೋಡಿ ಹಗೇವು. ಹೀಗೆ ನಲವತ್ತೆರಡೂ. ಬರೆದಿಡಬಾರದು, ಬೆರಳು ಮಾಡಿ ತೋರಿಸಬಾರದು, ಹೆಂಡತಿಗೂ ಹೇಳಬಾರದು. ಕಾಳಿನ ಒಡೆಯ ಬಂದು ಕೇಳಿದರೆ ಅವನದೊಂದನ್ನು ಮಾತ್ರ ತೆಗೆದು ಕೊಡಬೇಕು. ಅಪ್ಪ ಇದನ್ನು ಹೇಳುವಾಗ ಅಜ್ಜ ಅಂದಾನಪ್ಪನ ಬೆನ್ನಿನ ಬಾಸುಂಡೆಯ ಕಥೆಯನ್ನೂ ಕೂಡಿಸಿ ಹೇಳುತ್ತಿದ್ದ. ತಿರಕಪ್ಪನ ಮೈ ಜುಂ ಅನ್ನುತ್ತಿತ್ತು.

ಹೆಂಡತಿ ಹನಮಂತವ್ವ ಶಿರಹಟ್ಟಿ ಕಡೆಯ ಮಾಗಡಿಯವಳು. ಆ ಸೀಮೆ ಆಗ ಸಂಸ್ಥಾನದ ಆಡಳಿತದಲ್ಲಿತ್ತು, ಗದಗ ಇಂಗ್ರೇಜಿ ಸರಕಾರದ್ದು. ತವರಿಗೆ ಹೋಗುವುದೆಂದರೆ ಇನ್ನೊಂದು ರಾಜ್ಯಕ್ಕೆ ಹೋದಂತೆ ಅವಳು ಗಂಟುಮೂಟೆ ಕಟ್ಟುತ್ತಿದ್ದಳು. ಮಾತು ಚೂಪು.

"ನಮ್ಮೂರ ಕೆರಿಗೆ ಪರದೇಶದಿಂದ ಹಕ್ಕಿ ಬರ್ತಾವು. ಅವಕ್ಕೂ ಒಂದು ಠಿಕಾಣಿ ಅಂತ ಇರ್ತೈತಿ, ವರ್ಷಾ ವರ್ಷಾ ಅಲ್ಲೇ ಇಳೀತಾವು. ನಿಂಗ ಏನೈತಿ?" ಎಂದು ಅವಳು ರೊಟ್ಟಿ ಬಡಿಯುತ್ತ ಕೇಳುವಳು.

"ನಲವತ್ತೆರಡು ಹಗೇವು ಅದಾವ."

"ಅವು ಸಾವುಕಾರ್ರ ಹಗೇವು. ನಿಂದೇನೈತಿ ಹೇಳು."

"ನೀ ಇದ್ದೀಯಲ್ಲ."

"ನಾನೂ ಮಾಗಡಿಯವರ ಮಗಳ."

ಗದಗದ ಪೇಟೆಯಲ್ಲಿ ರಸ್ತೆ ಅಗಲ ಮಾಡಲೆಂದು ಒಂದು ಹಳೇ ವಾಡೆಯನ್ನು ಕೆಡವಿದಾಗ ಹನಮಂತವ್ವ ಅಲ್ಲಿ ಮಣ್ಣು ಹೊರಲು ಹೋಗಿದ್ದಳು. ಎಂಟು ದಿನದ ಕೂಲಿಯ ಬದಲು ಒಂದು ಸಾಗವಾನಿ ಹೊಸ್ತಿಲನ್ನು ಕೇಳಿ ಪಡೆದು, ತಲೆಯ ಮೇಲೆ ಸಿಂಬೆ ಇಟ್ಟು ಹೊತ್ತು ತಂದಳು. ನಡುವೆ ತಾವರೆ ಕೆತ್ತಿದ್ದ ಹೊಸ್ತಿಲು. ಗುಡಿಸಲ ಬಾಗಿಲಿಗಿಂತ ಅದು ಒಂದು ಮೊಳ ಉದ್ದ. ಒಳಗೆ ಗೋಡೆಗೆ ಆನಿಸಿ ನಿಲ್ಲಿಸಿದಳು. ಶುಕ್ರವಾರಕ್ಕೊಮ್ಮೆ ಅದನ್ನು ನೆಲಕ್ಕೆ ಮಲಗಿಸಿ, ತೊಳೆದು, ಅರಿಷಿಣ ಕುಂಕುಮ ಹಚ್ಚಿ, ಮತ್ತೆ ಎತ್ತಿ ನಿಲ್ಲಿಸುವಳು.

"ಮನಿ ಇಲ್ಲ, ಮಾರಿಲ್ಲ, ಹೊಸ್ತಿಲಾ ಮಾತ್ರ ಪೂಜಿ ಮಾಡ್ತೀದಿ. ಮಂದಿ ನೋಡಿದ್ರ ನಗ್ತಾರ" ಎಂದು ತಿರಕಪ್ಪ ಕಾಡಿಸಿದರೆ, "ನಗಲೇಳು. ನಾಳಿ ಮನಿ ಆತಂದ್ರ ಹೊಸ್ತಿಲಕ್ಕ ಹುಡುಕ್ಯಾಡೂದು ತಪ್ಪತೈತಿ" ಅನ್ನುವಳು.

ಮನೆ ಆಗುತ್ತದೆಂಬ ಆಸೆಗೆ ಒಂದು ಆಧಾರವೂ ಇತ್ತು. ಮಹಾಯುದ್ಧದ ಮೊದಲ ವರ್ಷ ದೇವೇಂದ್ರಪ್ಪ ಸಾವುಕಾರ ತನ್ನ ದೊಡ್ಡ ಹಗೇವು ತೆಗೆಸಿದ. ಏಳು ವರ್ಷದ ಜೋಳ ಒಂದು ಕಾಳೂ ಮುಗ್ಗದೆ ಕೆಂಪಗೆ ಹೊರಬಂತು. ಮುದುಕನಿಗೆ ಸಂತೋಷವಾಗಿ, ಬನ್ನಿ ಗಿಡದ ಮೇಲೆ ಕೈ ಇಟ್ಟು, "ತಿರಕ್ಯಾ, ಈ ಗಿಡದ ಮಗ್ಗಲ ಜಾಗಾ ನಿಂದ. ಮನಿ ಕಟ್ಟಿಕೋ. ಕಾಗದಾ ಆಮ್ಯಾಲ ಮಾಡೂಣು" ಎಂದ. ಕಾಗದ ಆಗುವ ಮೊದಲೇ ಸಾವುಕಾರ ಹೋದ.

ಯುದ್ಧದ ಜೊತೆಗೆ ರೇಶನ್ ಬಂತು. ಕಾಳು ಹಗೇವಿನಿಂದ ಎದ್ದು ತಗಡಿನ ಗೋದಾಮಿಗೆ ಹೋಯಿತು. ಸ್ವಾತಂತ್ರ್ಯ ಬಂದ ದಿನ ಬನ್ನಿ ಗಿಡಕ್ಕೂ ಒಂದು ಬಾವುಟ ಕಟ್ಟಿದರು. ಆಗಲೇ ನಲವತ್ತೆರಡರಲ್ಲಿ ಮೂವತ್ತು ಬರಿದಾಗಿದ್ದವು, ಉಳಿದವೂ ಮುಂದೆ ಒಂದೊಂದಾಗಿ ಬರಿದಾದವು. ಮರುವರ್ಷ ಸಂಸ್ಥಾನಗಳೂ ಕರಗಿ ಶಿರಹಟ್ಟಿ, ಲಕ್ಷ್ಮೇಶ್ವರ ಎಲ್ಲ ಧಾರವಾಡ ಜಿಲ್ಲೆಗೆ ಸೇರಿದವು. ಆ ಖಬರ ಕೇಳಿ ಹನಮಂತವ್ವ, "ನನ್ನ ತವರೂ ನಿನ್ನೂರೂ ಒಂದ ಸರಕಾರ ಆತು. ನಿನ್ನ ಮನಿ ಮಾತ್ರ ಆಗಲಿಲ್ಲ ನೋಡು" ಎಂದು ನಕ್ಕಳು. ಮುಂದೆ ಮೂರು ವರ್ಷಕ್ಕೆ ಒಂಬತ್ತು ದಿನದ ಜ್ವರದಲ್ಲಿ ಹೋಗಿಬಿಟ್ಟಳು. ಕೊನೆಯ ಶುಕ್ರವಾರ ಏಳಲಾಗದೆ ಮಲಗಿದಲ್ಲಿಂದಲೇ, "ಅದಕ್ಕೊಂದೀಟು ಕುಂಕುಮಾ ಹಚ್ಚು" ಎಂದಿದ್ದಳು. ಅಂದಿನಿಂದ ಆ ಕೆಲಸ ತಿರಕಪ್ಪನ ಪಾಲಿಗೆ ಬಂತು. ಗಂಡಸು ಹೊಸ್ತಿಲ ಪೂಜೆ ಮಾಡುವುದನ್ನು ಯಾರೂ ನೋಡಬಾರದೆಂದು ತಟ್ಟಿ ಮುಚ್ಚಿಕೊಂಡು ಮಾಡುತ್ತಿದ್ದ.

ಅಷ್ಟರಲ್ಲಿ ಗದಗ ಬೆಟಗೇರಿ ಎರಡೂ ಊರು ಹಿಟ್ಟು ಉಬ್ಬಿದ ಹಾಗೆ ಉಬ್ಬಿ ಒಂದರ ಮೈಗೆ ಒಂದು ತಾಗತೊಡಗಿದವು. ಹತ್ತಿ ಗಿರಣಿಗಳಿಗೆ ಹಳ್ಳಿಗಳಿಂದ ಆಳುಗಳು ಬಂದರು, ಹಿರೇಹಂದಿಗೋಳದಿಂದ, ಅಂತೂರ ಬೆಂತೂರದಿಂದ. ಬಾಡಿಗೆ ಮನೆಯ ಒಂದೊಂದು ಖೋಲಿಯಲ್ಲಿ ಎರಡೆರಡು ಒಲೆ ಹೊಗೆಯಾಡಿದವು. ದೇವೇಂದ್ರಪ್ಪನ ಮಗ ವಿರೂಪಾಕ್ಷಪ್ಪ ಅಡತಿ ಅಂಗಡಿಯಲ್ಲಿ ಕುಳಿತೇ ಇದನ್ನೆಲ್ಲ ನೋಡಿದ. ಅಪ್ಪ ಕಾಳು ಹೂತಿಟ್ಟ ಬಯಲನ್ನು ಮಗ ತುಂಡು ತುಂಡು ಮಾಡಿ ಮಾರಲು ಹೊರಟ. ಮೂವತ್ತು ಪ್ಲಾಟು, ನಡುವೆ ಎರಡು ಬೀದಿ.

ಜಾಗ ಅಳೆಯುವ ಮೋಜಣಿ ಸಾಹೇಬ ಸರಪಳಿ ಹಿಡಿದುಕೊಂಡು ಬಂದ. ವಿರೂಪಾಕ್ಷಪ್ಪ ಛತ್ರಿ ಬಿಚ್ಚಿಕೊಂಡು ಪಕ್ಕದಲ್ಲಿ ನಿಂತಿದ್ದ.

"ಇಲ್ಲಿ ಹಗೇವು ಅದಾವಂತಲ್ಲ. ಎಲ್ಲೆಲ್ಲಿ ಅದಾವು ತೋರಸು. ನಕಾಶದಾಗ ಹಾಕಬೇಕು" ಎಂದ ಸಾಹೇಬ.

"ಗೊತ್ತಿಲ್ರಿ" ಎಂದ ತಿರಕಪ್ಪ.

"ಹಗೇದ ಅಂತ ಅಡ್ಡಹೆಸರು ಇಟಗೊಂಡೀಯಲ್ಲೋ."

"ಹೆಸರಿಗೇನ್ರಿ ಸಾಹೇಬ್ರ. ನಮ್ಮ ಓಣ್ಯಾಗ ಹುಲಿಗೆಪ್ಪ ಅಂತ ಒಬ್ಬ ಅದಾನ, ಬೆಕ್ಕು ಕಂಡ್ರ ಮಾಳಗಿ ಹತ್ತತಾನ."

ಸರಪಳಿ ಹಿಡಿದವರು ಕಿಸಕ್ಕನೆ ನಕ್ಕರು. ಸಾಹೇಬ ದಬಾಯಿಸಿದ, ಪುಸಲಾಯಿಸಿದ, ಬೀಡಿ ಕೊಟ್ಟ. ತಿರಕಪ್ಪ ಬೀಡಿ ಸೇದಿ ಮುಗಿಸಿ ಮತ್ತೆ ಗೊತ್ತಿಲ್ಲವೆಂದ. ಬನ್ನಿ ಗಿಡಕ್ಕೆ ಬೆನ್ನು ಆನಿಸಿ ನಿಂತಿದ್ದ. ಅಜ್ಜನನ್ನು ಕಟ್ಟಿದ್ದ ಗಿಡ. ಅಜ್ಜ ಅಂದಾನಪ್ಪ ತನ್ನೊಳಗೆ ಬಂದು ನಿಂತಂತಾಗಿ ಅವನ ಎದೆ ಒಂದು ಗೇಣು ಉಬ್ಬಿತ್ತು. ಸರಕಾರ ಬದಲಾಗಬಹುದು, ಸಾವುಕಾರ ಬದಲಾಗಬಹುದು, ಹಗೇದವರ ಬಾಯಿ ಬದಲಾಗುವುದಿಲ್ಲ ಎಂದುಕೊಂಡ. ವಿರೂಪಾಕ್ಷಪ್ಪ ಬಾಯಿ ಬಿಡಿಸಲು ಒಂದು ಮಾತೂ ಆಡಲಿಲ್ಲ. "ಗೊತ್ತಿಲ್ಲ ಅಂತಾನಲ್ರಿ, ಹಂಗ ಬರಕೋರಿ" ಎಂದಷ್ಟೇ ಹೇಳಿದ. ಸದರ ಜಾಗೆಯಲ್ಲಿ ಹಗೇವು ಇರುವುದಿಲ್ಲವೆಂದು ಕಾಗದದಲ್ಲಿ ಬಿತ್ತು. ಬನ್ನಿ ಗಿಡದ ಮಗ್ಗುಲಿನ ಜಾಗಕ್ಕೆ ಹನ್ನೊಂದನೇ ನಂಬರು ಬಂತು.

"ಅಪ್ಪಾರು ಹೇಳಿದ್ದು ನನಗ ನೆನಪೈತಿ ತಿರಕಪ್ಪ. ಹನ್ನೊಂದು ನಿಂದ. ಎಲ್ಲಾ ಮಾರಿ ಮುಗೀಲಿ" ಎಂದ ವಿರೂಪಾಕ್ಷಪ್ಪ.

ಏಳನೇ ಪ್ಲಾಟನ್ನು ಕೊಂಡವನು ಗುಡುಸಾಬ. ಅಂತೂರ ಬೆಂತೂರದ ಗೌಂಡಿ. ಹದಿನೆಂಟು ವರ್ಷ ಮಂದಿಯ ಮನೆ ಕಟ್ಟಿ, ತಾನು ಬೆಟಗೇರಿಯಲ್ಲಿ ಬಾಡಿಗೆ ಖೋಲಿಯಲ್ಲಿದ್ದವನು. ಹೆಂಡತಿ ಸಾಬೀರಾ ನೇಕಾರರ ಮನೆಗಳಿಗೆ ಕಂಡಿಕೆ ಸುತ್ತುತ್ತಿದ್ದಳು. ಮಗ್ಗದ ಲಾಳಿಯೊಳಗೆ ಹಾಕುವ ನೂಲಿನ ಕಂಡಿಕೆ. ಇಬ್ಬರೂ ಕೂಡಿ ಜಾಗ ನೋಡಲು ಬಂದ ದಿನ ಗುಡುಸಾಬ ಹಿಮ್ಮಡಿಯಿಂದ ನೆಲ ಕುಟ್ಟಿ ನೋಡಿ, "ಕಾಕಾ, ಹುಟ್ಟಿದಾಗಿಂದ ಇಲ್ಲೇ ಅದೀರಿ. ನೆಲಾ ಗಟ್ಟಿ ಐತೇನ್ರಿ?" ಎಂದು ಕೇಳಿದ.

"ಗರಸು ನೆಲ" ಎಂದ ತಿರಕಪ್ಪ.

ಸುಳ್ಳಲ್ಲ. ಆದರೆ ಬನ್ನಿ ಗಿಡದಿಂದ ಮೂಡಣಕ್ಕೆ ಹದಿನೆಂಟು ಹೆಜ್ಜೆ, ಬಲಕ್ಕೆ ಏಳು. ಗುಡುಸಾಬನ ಕಾಲು ಆ ಹೊತ್ತು ಜೋಡಿ ಹಗೇವಿನ ಮೇಲೆಯೇ ಇತ್ತು. ಎರಡೂ ಬರಿದಾಗಿದ್ದವು. ಬುನಾದಿ ತೋಡುವಾಗ ಹಾಸುಗಲ್ಲು ತಾನಾಗಿಯೇ ಸಿಗುತ್ತದೆ, ನಾನು ಬಾಯಿ ಬಿಡುವ ಕೆಲಸವಿಲ್ಲ ಎಂದು ತಿರಕಪ್ಪ ತನಗೆ ತಾನೇ ಸಮಾಧಾನ ಹೇಳಿಕೊಂಡ.

ಬುನಾದಿ ಎರಡು ಮೊಳ ತೋಡಿದರು. ಹಾಸುಗಲ್ಲು ಇದ್ದದ್ದು ಎದೆಯುದ್ದದ ಕೆಳಗೆ. ಗುದ್ದಲಿ ಅಲ್ಲಿತನಕ ಹೋಗಲಿಲ್ಲ. ಗೋಡೆ ಮೊಣಕಾಲು ಮಟ್ಟ ಎದ್ದ ಮೇಲೆ ತಿರಕಪ್ಪನಿಗೆ ಉಂಡದ್ದು ಸೇರಲಿಲ್ಲ. ಅಡತಿ ಅಂಗಡಿಗೆ ಹೋಗಿ ಜೋಳದ ಚೀಲಗಳ ಸಂದಿಯಲ್ಲಿ ನಿಂತುಕೊಂಡ.

"ಏಳನೇ ಪ್ಲಾಟಿನ್ಯಾಗ ಹಗೇವು ಅದಾವ್ರಿ. ಜೋಡಿ."

ವಿರೂಪಾಕ್ಷಪ್ಪ ಗುಮಾಸ್ತನನ್ನು ಚಹಾಕ್ಕೆ ಕಳಿಸಿ, ದನಿ ಸಣ್ಣದು ಮಾಡಿದ.

"ಮೋಜಣಿಯವರ ಮುಂದ ಗೊತ್ತಿಲ್ಲಂದಿ. ಬರದು ಸಹಿ ಆಗೇತಿ. ಈಗ ಗೊತ್ತೈತಿ ಅಂದ್ರ ನಿನ್ನ ಯಾರು ನಂಬತಾರ?"

"ಆಗ ಹೇಳಬಾರದಿತ್ರಿ, ನಮ್ಮ ಮನಿತನದ ವಚನಾ."

"ಮತ್ತ ಈಗೂ ಹೇಳಬ್ಯಾಡ. ಅದ ವಚನಾ ಐತಲ್ಲ." ವಿರೂಪಾಕ್ಷಪ್ಪ ಪಕ್ಕದ ಪೆಟ್ಟಿಗೆಯ ಮೇಲೆ ಬೆರಳು ಬಡಿದ. "ಗಟ್ಟಿ ಕೆಲಸಾ ಐತಿ ಗೌಂಡೀದು, ಏನೂ ಆಗೂದಿಲ್ಲ. ನಾಳಿ ಸೋಮವಾರ ಕಚೇರಿಗೆ ಬಾ. ಹನ್ನೊಂದರ ಬಕ್ಷೀಸ ಪತ್ರ ಮಾಡಿಸಿಬಿಡೂಣು. ಅಪ್ಪಾರ ಮಾತು ಎಷ್ಟು ದಿನಾ ಇಟಗೋಬೇಕು?"

ಸೋಮವಾರ ತಿರಕಪ್ಪ ಮಡಿ ಧೋತರ ಉಟ್ಟು ಹೋದ. ಹೆಬ್ಬೆಟ್ಟು ಒತ್ತಿದ. ಕಾಗದವನ್ನು ಹನಮಂತವ್ವನ ಕುಬಸದ ಖಣದಲ್ಲಿ ಸುತ್ತಿ ಗುಡಿಸಲ ಗಳಕ್ಕೆ ಕಟ್ಟಿದ. ಹನಮಪ್ಪನಿಂದ ಹಿಡಿದು ನಾಲ್ಕು ತಲೆಮಾರಿನಲ್ಲಿ ಹಗೇದವರ ಹೆಸರು ಮೊಟ್ಟಮೊದಲು ಒಂದು ನೆಲದ ಮೇಲೆ ಬಿದ್ದಿತ್ತು.

ಆ ಸಂಜೆ ಅವನು ಹೊಸ್ತಿಲನ್ನು ಹೊತ್ತು ತಂದು ಹನ್ನೊಂದನೇ ಪ್ಲಾಟಿನಲ್ಲಿ ಮೂಡಣಕ್ಕೆ ಮುಖ ಮಾಡಿ ಬರೀ ನೆಲದ ಮೇಲೆ ಮಲಗಿಸಿದ. ಎದ್ದು ನಿಂತು, ಬಲಗಾಲು ಮುಂದಿಟ್ಟು ಅದನ್ನು ದಾಟಿ ಒಳಗೆ ಬಂದ. ಗೋಡೆಯಿಲ್ಲದ ಮನೆಯೊಳಗೆ ಹೆಜ್ಜೆ ಹಾಕಿ ನೋಡಿದ. ಇಲ್ಲಿ ಪಡಸಾಲೆ. ಇಲ್ಲಿ ಅಡಿಗೆ ಮನೆ, ಹೊಗೆ ಬನ್ನಿ ಗಿಡದ ಕಡೆಗೆ ಹೋಗುವ ಹಾಗೆ ಬೆಳಕಿಂಡಿ. ಹನಮಂತವ್ವ ರೊಟ್ಟಿ ಬಡಿಯಲು ಕೂಡುವುದು ಇಲ್ಲಿ. ಎಡಗಡೆ ಕೊಡ, ಬಲಗಡೆ ಹಿಟ್ಟಿನ ಪರಾತ. ಅವಳು ಕೂಡುವ ಜಾಗದ ಪಕ್ಕದಲ್ಲಿ ಅವನೂ ಕುಳಿತುಕೊಂಡ. ಆಮೇಲೆ ತಲೆ ಎತ್ತಿದರೆ, ಎದುರಿಗೆ ಏಳನೇ ಪ್ಲಾಟಿನಲ್ಲಿ ಗುಡುಸಾಬ ಗೋಡೆಗೆ ತೂಕದ ಗುಂಡು ಬಿಟ್ಟು ಒಂದೇ ಕಣ್ಣಿನಿಂದ ನೋಡುತ್ತಿದ್ದ. ತಿರಕಪ್ಪನನ್ನು ಕಂಡು ಕೈ ಎತ್ತಿದ.

"ಏನ್ ಕಾಕಾ, ಗ್ವಾಡಿ ಇಲ್ಲದ ಮನ್ಯಾಗ ಕುಂತು ಗಾಳಿ ತಗೊಳ್ಳಾಕತ್ತೀರೇನು? ನಂದು ಮುಗೀಲಿ, ನಿಮ್ಮದು ನಾನ ಕಟ್ಟತೀನಿ. ಮಜೂರಿ ಬ್ಯಾಡ. ಸಾಬೀರಾನ ಕೈಯಾಗಿನ ಚಹಾ ಹೊಗಳಿದ್ರ ಸಾಕು. ನನ್ನ ಕೈಲಿ ಹೊಗಳಾಕ ಆಗವಲ್ತು."

ಸಾಬೀರಾ ಕಲ್ಲಿನ ಗುಂಪಿಯ ಹಿಂದಿನಿಂದ, "ಹೊಗಳಿದ್ರ ಸಕ್ಕರಿ ಬೀಳತೈತಿ. ಬೈದ್ರ ಬರೀ ನೀರು" ಎಂದಳು.

ತಿರಕಪ್ಪ ನಗಲು ನೋಡಿದ. ಹೊಸ್ತಿಲನ್ನು ಎತ್ತಿಕೊಂಡು ಗುಡಿಸಲಿಗೆ ಹೋದ.

ಗುಡುಸಾಬನ ಮನೆ ಬೇಸಿಗೆಗೆ ಮುಗಿಯಿತು. ಮೇಲೆ ಮಾಳಿಗೆ, ಕೆಳಗೆ ಪಡಸಾಲೆ, ಸಾಬೀರಾಗೆ ಕಂಡಿಕೆ ಸುತ್ತಲು ಕಿಟಕಿಯ ಪಕ್ಕ ಒಂದು ಕಟ್ಟೆ. ಮುಂಗಾರಿನ ಮಿರಗ ಮಳೆ ಹುಯ್ಯಿತು, ಆಮೇಲೆ ಇನ್ನೊಂದು ಮಳೆ. ಶ್ರಾವಣದಲ್ಲಿ ಪಡಸಾಲೆಯ ಗೋಡೆಯಲ್ಲಿ ನೂಲೆಳೆಯಷ್ಟು ಸೀಳು ಕಾಣಿಸಿತು. ಗುಡುಸಾಬ ಗಾರೆ ಮೆತ್ತಿದ. ಎಂಟು ದಿನಕ್ಕೆ ಬೆರಳು ಹೋಗುವಷ್ಟಾಯಿತು. ಸಾಬೀರಾ ರಾತ್ರಿ ನೆಟ್ಟಗೆ ಇಟ್ಟ ಕೊಡ ಬೆಳಗ್ಗೆ ಗೋಡೆಗೆ ವಾಲಿರುತ್ತಿತ್ತು.

ಪೇಟೆಯ ಗೌಂಡಿಗಳಿಗೆ ಇದೊಂದು ಮೋಜಾಯಿತು. ಚಹಾದ ಅಂಗಡಿಯಲ್ಲಿ ಒಬ್ಬ, "ಗುಡುಸಾಬನ ಮನಿ ಗ್ವಾಡಿ ಬಾಯಿ ಬಿಟ್ಟೈತಂತ. ಮಾಲಕನ ಹೊಗಳಾಕ ಬಾಯಿ ಬಿಟ್ಟಿರಬೇಕು" ಎಂದ. ಕಟ್ಟಿಸುವ ಮಾತು ಕೊಟ್ಟಿದ್ದ ಇಬ್ಬರು ಬೇರೆ ಗೌಂಡಿಯನ್ನು ಹುಡುಕಿಕೊಂಡರು.

ಒಂದು ಮುಂಜಾನೆ ತಿರಕಪ್ಪ ಆ ಕಡೆ ಹೋದಾಗ ಗುಡುಸಾಬ ಕಟ್ಟೆಯ ಮೇಲೆ ಕುಳಿತು ತನ್ನ ಅಂಗೈಗಳನ್ನು ನೋಡಿಕೊಳ್ಳುತ್ತಿದ್ದ. ಕರಣಿ, ತೂಕದ ಗುಂಡು, ಮಟ್ಟದ ಹಗ್ಗ ಎಲ್ಲವನ್ನೂ ಚೀಲದಲ್ಲಿ ಕಟ್ಟಿ ಮೂಲೆಗಿಟ್ಟಿದ್ದ.

"ಕೈಗೆ ಏನೋ ಆಗೇತಿ ಕಾಕಾ. ಹದಿನೆಂಟು ವರ್ಷದಾಗ ಒಂದು ಗ್ವಾಡಿ ಬಿರಿದಿದ್ದಿಲ್ಲ. ನನ್ನ ಸ್ವಂತದ್ದ ಬಿರೀತು. ಮಂದಿ ಮನಿಗೆ ಇನ್ನ ಕೈ ಹಚ್ಚಬಾರದು ಅಂತ ಮಾಡೀನಿ. ನಾಳಿ ಇನ್ನೊಬ್ಬರ ಮಾಳಗಿ ಬಿದ್ದು ಯಾರರೆ ಸತ್ರ?"

"ಎಲ್ಲಿ ಹೊಂಟೀದಿ ಚೀಲಾ ತಗೊಂಡು?"

"ಮಾರಾಕ. ಹತ್ತಿ ಗಿರಣ್ಯಾಗ ಹಮಾಲಿ ಕೆಲಸಾ ಐತಂತ."

ಸಾಬೀರಾ ಒಳಗಿನಿಂದ ಬಂದು ಬಾಗಿಲ ಚೌಕಟ್ಟಿಗೆ ಆನಿಕೊಂಡು ನಿಂತಳು. "ಕಾಕಾರ, ನೀವರೆ ಹೇಳ್ರಿ. ನನ್ನ ಮಾತು ಕೇಳಂಗಿಲ್ಲ ಅಂವ. ಕೈಗೆ ಏನಾಗಿಲ್ಲಂತ ಹೇಳ್ರಿ" ಎಂದಳು.

ತಿರಕಪ್ಪ ಗುಡುಸಾಬನ ಕೈ ನೋಡಿದ. ಸುಣ್ಣ ತಿಂದ ಬೆರಳು, ಒಡೆದ ಉಗುರು. ಅಪ್ಪ ಫಕ್ಕೀರಪ್ಪನ ಕೈಯೂ ಹೀಗೇ ಇತ್ತು. ಹೇಳಿದರೆ ಬಯಲಿನ ಪ್ಲಾಟುಗಳೆಲ್ಲ ಕೆಡುತ್ತವೆ, ವಿರೂಪಾಕ್ಷಪ್ಪ ಸುಮ್ಮನಿರುವವನಲ್ಲ, ಹನ್ನೊಂದು ಉಳಿಯುತ್ತದೋ ಇಲ್ಲವೋ ಎಂದು ಯೋಚಿಸಿದ. ಗಳಕ್ಕೆ ಕಟ್ಟಿದ ಖಣದ ಗಂಟು ಕಣ್ಣೆದುರು ಬಂತು. ಅಜ್ಜ ಹೊಡೆತ ತಿಂದು ಸುಮ್ಮನಿದ್ದ. ತಾನು ಏನು ತಿಂದು ಸುಮ್ಮನಿದ್ದೇನೆ ಎಂದು ಲೆಕ್ಕ ಹಾಕಿದ.

"ನಿನ್ನ ಕೈಗೆ ಏನೂ ಆಗಿಲ್ಲ. ನನ್ನ ಬಾಯಿಗೆ ಆಗಿತ್ತು" ಎಂದ. "ಗುದ್ದಲಿ ತಗೊಂಡು ಬಾ."

ಬನ್ನಿ ಗಿಡಕ್ಕೆ ಹೋಗಿ ಬೆನ್ನು ಕೊಟ್ಟು ನಿಂತ. ನಲವತ್ತು ವರ್ಷ ಮನಸ್ಸಿನಲ್ಲಷ್ಟೇ ಎಣಿಸಿದ್ದ ಹೆಜ್ಜೆಗಳನ್ನು ಬೀದಿಗೆ ಕೇಳುವ ಹಾಗೆ ಬಾಯಿ ಬಿಟ್ಟು ಎಣಿಸುತ್ತ ನಡೆದ. ಹದಿನೆಂಟು ಆದಾಗ ಗುಡುಸಾಬನ ಅಂಗಳ, ಬಲಕ್ಕೆ ಏಳು ಆದಾಗ ಪಡಸಾಲೆಯ ನಟ್ಟನಡುವೆ ಬಂದು ನಿಂತ. "ಇಲ್ಲಿ ಅಗಿ" ಎಂದ.

ಎದೆಯುದ್ದ ಮಣ್ಣು ತೆಗೆದಾಗ ಹಾಸುಗಲ್ಲಿಗೆ ಗುದ್ದಲಿ ಠಣ್ ಅಂದಿತು. ಅಷ್ಟು ಹೊತ್ತಿಗೆ ಅಕ್ಕಪಕ್ಕದ ಮಂದಿ ಬಾಗಿಲು ತುಂಬಿದ್ದರು. ಕಲ್ಲು ಸರಿಸಿದ ಕೂಡಲೇ ಇಳಿಯಹೋದ ಗುಡುಸಾಬನನ್ನು ತಿರಕಪ್ಪ ರಟ್ಟೆ ಹಿಡಿದು ತಡೆದು, ಒಳಗಿನ ಕೆಟ್ಟ ಗಾಳಿ ಹೋಗಲೆಂದು ಊಟದ ಹೊತ್ತಿನವರೆಗೆ ಕಾಯಿಸಿದ. ಕಂದೀಲು ಇಳಿಬಿಟ್ಟು, ಉರಿ ನೆಟ್ಟಗೆ ನಿಂತದ್ದನ್ನು ನೋಡಿ, ಹಗ್ಗ ಕಟ್ಟಿಕೊಂಡು ತಾನೇ ಇಳಿದ.

ಹತ್ತು ಹನ್ನೆರಡು ವರ್ಷವಾಗಿತ್ತು ಈ ಹಗೇವಿಗೆ ಇಳಿದು. ಕಣಿಕೆ ಗೋಡೆಗೆ ಇನ್ನೂ ಅಂಟಿಕೊಂಡಿತ್ತು. ಹಳೇ ಜೋಳದ ಹುಳಿಬೆಚ್ಚನೆಯ ವಾಸನೆ ಮೂಗಿಗೆ ಬಡಿದು, ಮೇಲಿನಿಂದ ಹನಮಂತವ್ವ "ಜ್ವಾಳಾ ಹೆಂಗದಾವು?" ಎಂದು ಕೂಗಿದ ಹಾಗಾಯಿತು. ಮೊದಲೆಲ್ಲ ಅವಳೇ ಹಗ್ಗ ಹಿಡಿಯುತ್ತಿದ್ದದ್ದು. ತಳದಲ್ಲಿ ಎರಡು ಬೊಗಸೆ ಕಾಳು ಉಳಿದಿದ್ದವು. ಒಂದು ಬದಿಯ ಗೋಡೆ ಮಳೆನೀರಿಗೆ ಕುಸಿದು ಪಕ್ಕದ ಹಗೇವಿಗೆ ಬಾಯಿ ಮಾಡಿತ್ತು. ಮನೆಯ ಭಾರವೆಲ್ಲ ಅದರ ಮೇಲೇ ಇತ್ತು. ಅವನು ಕಾಳನ್ನು ಧೋತರದ ಸೆರಗಿನಲ್ಲಿ ಕಟ್ಟಿಕೊಂಡ. ಹಗ್ಗ ಜಗ್ಗಿದ.

ಮೇಲೆ ಬಂದಾಗ ಗುಡುಸಾಬನ ಮುಖ ಸುಟ್ಟ ಇಟ್ಟಂಗಿಯಾಗಿತ್ತು.

"ನಿಮಗ ಗೊತ್ತಿತ್ತು."

"ಹೂಂ."

"ನಾ ಕೇಳಿದ್ನಲ್ಲಾ, ಹಿಮ್ಮಡಿಲೆ ಬಡದು ಕೇಳಿದ್ನಲ್ಲಾ ಕಾಕಾ. ಚಹಾ ಕುಡದೀರಿ ನಮ್ಮ ಕೈಲಿ."

"ಕುಡದೀನಿ."

"ಬೈಬ್ಯಾಡ, ಮುದುಕ ಈಗರೆ ಹೇಳಿದ್ನಲ್ಲ" ಎಂದು ಬಾಗಿಲಲ್ಲಿದ್ದ ಮರಿಯವ್ವ ಎಂಬ ನೆರೆಯವಳು ಅಂದಳು. ಸಾಬೀರಾ ಅವಳ ಕಡೆ ತಿರುಗಿ, "ನಿನ್ನ ಪ್ಲಾಟಿನ ಕೆಳಗ ಏನೈತಿ ಅಂತ ಮದ್ಲ ಕೇಳು. ಆಮ್ಯಾಲ ನ್ಯಾಯಾ ಹೇಳು" ಎಂದಳು. ಮರಿಯವ್ವ ಬಾಯಿಗೆ ಸೆರಗು ಮುಚ್ಚಿಕೊಂಡು ತಿರಕಪ್ಪನ ಮುಖ ನೋಡಿದಳು.

ತಿರಕಪ್ಪ ಆ ದಿನ ಸಂಜೆಯವರೆಗೆ ನಡೆದ. ನಲವತ್ತೆರಡಕ್ಕೂ ಸುಣ್ಣದ ಗುರುತು ಬಿತ್ತು. ಹದಿನಾರು ಪ್ಲಾಟುಗಳಲ್ಲಿ ಹಗೇವು ಇದ್ದವು. ಅವುಗಳಲ್ಲಿ ಮನೆ ಎದ್ದಿದ್ದುದು ಗುಡುಸಾಬನ ಏಳನೇ ಪ್ಲಾಟಿನಲ್ಲಿ ಮಾತ್ರ. ಉಳಿದವರು ಬುನಾದಿಯನ್ನು ಹಗೇವಿನಿಂದ ಸರಿಸಿಕೊಂಡರು. ಗುಡುಸಾಬ ವಿರೂಪಾಕ್ಷಪ್ಪನಿಗೆ ಬೇರೆ ಜಾಗ ಕೇಳಿದಾಗ, "ಬರದ ಕಾಗದಕ್ಕ ನೀನೂ ಸಹಿ ಮಾಡಿ ನಾನೂ ಸಹಿ ಮಾಡೀನಿ" ಎಂಬ ಉತ್ತರ ಬಂತು. ತಿರಕಪ್ಪನಿಗೆ ಮಾತ್ರ ವಿರೂಪಾಕ್ಷಪ್ಪ ಹೀಗೆ ಹೇಳಿಕಳಿಸಿದ: ಅಪ್ಪಾರ ಋಣ ತೀರಿತು, ಇನ್ನ ಅಂಗಡಿ ಮೆಟ್ಟಲಾ ಹತ್ತಬ್ಯಾಡ. ಆದರೆ ಹನ್ನೊಂದರ ಕಾಗದ ಕಚೇರಿಯಲ್ಲಿ ದಾಖಲಾಗಿತ್ತು. ಅದನ್ನು ಕಿತ್ತುಕೊಳ್ಳಲು ಯಾರಿಗೂ ಬರುತ್ತಿರಲಿಲ್ಲ.

ಎರಡು ವಾರ ತಿರಕಪ್ಪ ದಿನಾ ಸಂಜೆ ಹನ್ನೊಂದರಲ್ಲಿ ಹೋಗಿ ಕೂಡುತ್ತಿದ್ದ. ಪಡಸಾಲೆಯಲ್ಲಿ ಒಂದಿಷ್ಟು ಹೊತ್ತು, ಅಡಿಗೆ ಮನೆಯಲ್ಲಿ ಒಂದಿಷ್ಟು ಹೊತ್ತು. ಎದುರಿಗೆ ಗುಡುಸಾಬ ಮಾಳಿಗೆ ಇಳಿಸಿ, ತಾನೇ ಕಟ್ಟಿದ ಗೋಡೆಯ ಕಲ್ಲುಗಳನ್ನು ಒಂದೊಂದಾಗಿ ಬಿಚ್ಚಿ ಒಟ್ಟುತ್ತಿದ್ದ. ಎಲ್ಲಿ ಕಟ್ಟಬೇಕೆಂಬುದು ಗೊತ್ತಿರದವನ ಹಾಗೆ ನಿಧಾನಕ್ಕೆ ಒಟ್ಟುತ್ತಿದ್ದ.

ಹದಿನೈದನೇ ದಿನ ತಿರಕಪ್ಪ ಗಳದಿಂದ ಖಣದ ಗಂಟು ಬಿಚ್ಚಿಕೊಂಡು ಹೋಗಿ, "ಕಚೇರಿಗೆ ನಡಿ. ಅದಲಿಬದಲಿ ಪತ್ರ ಮಾಡಸೂಣು. ಹನ್ನೊಂದು ನಿಂಗ, ಏಳು ನಂಗ" ಎಂದ. ಗುಡುಸಾಬ ಒಲ್ಲೆನೆಂದ. ಸಾಬೀರಾ ಒಲ್ಲೆನೆನ್ನಲಿಲ್ಲ. ಅವಳು ತಿರಕಪ್ಪನ ಮುಖವನ್ನು ಬಹಳ ಹೊತ್ತು ನೋಡಿ, "ಚೀಲಾ ತಗೋ. ಕಾಕಾರ ಕೆಲಸಾ ಕೆಡಸಬ್ಯಾಡ" ಎಂದು ಗಂಡನ ಕೈಗೆ ಕರಣಿಯ ಚೀಲ ಕೊಟ್ಟಳು.

ಕರ್ನಾಟಕ ಒಂದಾದ ವಾರ ಗದಗದ ಬೀದಿಗೆ ಮಾವಿನ ತೋರಣ ಕಟ್ಟಿದ್ದರು. ಹನ್ನೊಂದನೇ ಪ್ಲಾಟಿನಲ್ಲಿ ಆ ಹೊತ್ತಿಗೆ ಗೋಡೆ ಮೊಣಕಾಲು ಮಟ್ಟ ಎದ್ದು, ಬಾಗಿಲು ನಿಲ್ಲಿಸುವ ದಿನ ಬಂದಿತ್ತು. ತಿರಕಪ್ಪ ಹೊಸ್ತಿಲನ್ನು ಹೊತ್ತು ತಂದ. ತೊಳೆದು, ಅರಿಷಿಣ ಕುಂಕುಮ ಹಚ್ಚಿಯೇ ತಂದಿದ್ದ. ಈ ಸಲ ತಟ್ಟಿ ಮುಚ್ಚಿಕೊಂಡಿರಲಿಲ್ಲ. ಗುಡುಸಾಬ ಅಳತೆ ಹಿಡಿದು ನೋಡಿದ. ಬಾಗಿಲಿಗೆ ಅದು ಒಂದು ಬೆರಳೂ ಹೆಚ್ಚಿರಲಿಲ್ಲ, ಕಡಿಮೆಯೂ ಇರಲಿಲ್ಲ. ಅವನು ಗಾರೆ ಹಾಸಿ ಅದನ್ನು ಕೂಡಿಸಿ, ಮಟ್ಟ ನೋಡಿ, ಹಿಂದೆ ಸರಿದ. ಸಾಬೀರಾ ತಲೆಯ ಸೆರಗು ಸರಿಮಾಡಿಕೊಂಡು, ತಾವರೆಯನ್ನು ತುಳಿಯದೆ ಎತ್ತರಕ್ಕೆ ಕಾಲೆತ್ತಿ ದಾಟಿದಳು. ತಿರಕಪ್ಪ ಹೊರಗೇ ನಿಂತಿದ್ದ.

ಗುಡುಸಾಬ ಕೈ ಒರೆಸಿಕೊಳ್ಳುತ್ತ ಬಂದು, "ಕಾಕಾ, ಏಳರ ಮೂಲ್ಯಾಗ ಒಂದೀಟು ಗಟ್ಟಿ ನೆಲಾ ಐತಿ. ಜೋಡಿ ಹಗೇವು ಕಲ್ಲು ಹಾಕಿ ತುಂಬತೀನಿ. ನಿಮಗೊಂದು ಖೋಲಿ ಕಟ್ಟಿಕೊಡ್ತೀನಿ, ಮ್ಯಾಲ ಹಂಚು. ಅಲ್ಲೀತನಾ ನಮ್ಮ ಪಡಸಾಲ್ಯಾಗ ಇರ್ರಿ. ಇಲ್ಲ ಅನಬ್ಯಾಡ್ರಿ" ಎಂದ. ಸಾಬೀರಾ ಒಳಗಿನಿಂದ, "ಚಹಾ ಹೊಗಳೂದು ಏನೂ ಬ್ಯಾಡ್ರಿ" ಎಂದಳು.

ತಿರಕಪ್ಪ ಬನ್ನಿ ಗಿಡದ ಕಡೆ ಒಮ್ಮೆ ನೋಡಿ, ಹೊಸ್ತಿಲಿನ ತುದಿಗೆ ಅಂಟಿದ್ದ ಗಾರೆಯನ್ನು ಹೆಬ್ಬೆರಳಿನಿಂದ ಒರೆಸಿದ.

"ಬ್ಯಾಡೋ ತಮ್ಮಾ. ಆ ಹಗೇವಿಗೆ ಕಲ್ಲು ಹಾಕಬ್ಯಾಡ, ನಮ್ಮ ಮುತ್ತ್ಯಾ ತೋಡಿದ್ದು. ಬಾಯಿ ಮುಚ್ಚಿ, ಸುತ್ತ ಬೇಲಿ ಹಚ್ಚಿಕೊಂಡು ನಾನ ಕಾಯ್ತೀನಿ, ಕಾದು ರೂಢಿ ಐತಿ. ಗುಡಿಸಲಾ ಹಾಕಾಕ ಗಟ್ಟಿ ನೆಲಾ ಎಲ್ಲೈತಿ ಅಂತ ನನಗೂ ಗೊತ್ತೈತಿ, ತಟ್ಟಿ ಹೆಣಿಯಾಕ ಕೈ ಅದಾವು. ಒಳಗೂ ಕರ್ಯಾಕ ಹೋಗಬ್ಯಾಡ್ರಿ. ಇದನ್ನ ಹೊತ್ತು ತಂದಾಕಿ ಹನಮಂತವ್ವ. ಅಕಿ ದಾಟದ ಇದನ್ನ, ಗ್ವಾಡಿ ಎದ್ದ ಮ್ಯಾಲ ನಾ ಒಬ್ಬನ ದಾಟಿ ಒಳಗ ಹೋಗಿ ಕುಂತೆ ಅಂದ್ರ ನನಗ ಸೇರೂದಿಲ್ಲ. ಶುಕ್ರವಾರಕ್ಕೊಮ್ಮೆ ಹೊರಗಿಂದ ಬಂದು ನೋಡಿ ಹೋಗ್ತೀನಿ. ನಡಿ, ಗಾರಿ ಬಿರುಸಾಗಾಕತ್ತೈತಿ."